ಮೂಕಪ್ರಾಣಿಗಳ ಆಶ್ರಯಕ್ಕೆ ನೆಲೆ ಬೇಕು

ಲಾರಿ ತಗುಲಿ ದಾರಿಯ ಬದಿಗೆ ಬಿದ್ದ ದನ, ಬೆನ್ನು ಹುಣ್ಣಾದ ಮೇಲೆ ಒಡೆಯನು ಕೈಬಿಟ್ಟ ಕತ್ತೆ, ಕಜ್ಜಿ ಹಿಡಿದು ಮೂಲೆ ಸೇರಿದ ನಾಯಿ, ಇವುಗಳನ್ನು ಕಂಡು ಮರುಗುವವರು ಬಹು ಮಂದಿ. ಮರುಗಿ ನಿಂತು ಕೈಹಾಕುವವರು ಕೆಲವೇ ಮಂದಿ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಈ ಸೀಮೆಯಲ್ಲಿ ಇಂಥ ಪ್ರಾಣಿಗಳನ್ನು ಹೊತ್ತು ತಂದು, ಗಾಯ ತೊಳೆದು, ಮೇವು ನೀರು ಕೊಟ್ಟು ಸಾಕುವ ಹೊರೆಯು ಬಹುಮಟ್ಟಿಗೆ ಸ್ವಯಂಸೇವಕರ ಹೆಗಲ ಮೇಲೆಯೇ ಬಿದ್ದಿರುವುದು. ಸಂಬಳವನ್ನೂ ಸನ್ಮಾನವನ್ನೂ ಬಯಸದ ಇವರ ಸೇವೆಯನ್ನು ನಾವು ಮನಸಾರೆ ಕೊಂಡಾಡುತ್ತೇವೆ. ಆದರೆ ನಮ್ಮ ಕೊಂಡಾಟದಿಂದ ಕತ್ತೆಯ ಹೊಟ್ಟೆ ತುಂಬಲಾರದು. ದಯೆ ಉಂಟು, ದಯೆಗೆ ನೆಲೆಯಿಲ್ಲ. ಈ ಕೊರತೆಯ ಕಡೆಗೆ ಸರಕಾರದವರ ಮತ್ತು ಮಹಾಜನರ ಗಮನವನ್ನು ಸೆಳೆಯುವುದೇ ಇಂದಿನ ನಮ್ಮ ಉದ್ದೇಶ.

ಕತ್ತೆಯ ಹೆಸರೆತ್ತಿದರೆ ನಗುವವರಿದ್ದಾರೆ. ಕಸ್ತೂರಿಯ ಪರಿಮಳವನ್ನು ಅರಿಯದ ಪ್ರಾಣಿಯೆಂದು ಗಾದೆ ಕಟ್ಟಿದ ಜನವು, ತನ್ನ ಬಟ್ಟೆಯ ಗಂಟನ್ನು ಹೊಳೆಗೆ ಹೊತ್ತವರು ಯಾರು, ಕುಂಬಾರನ ಮಣ್ಣನ್ನೂ ಒಡ್ಡರ ಕಲ್ಲನ್ನೂ ಕೆರೆಕಟ್ಟೆಗಳ ಹೂಳನ್ನೂ ಸಾಗಿಸಿದವರು ಯಾರು ಎಂಬುದನ್ನು ಮರೆತಿತು. ಹಂಪಿಯಲ್ಲಿ ಆನೆಗಳಿಗಾಗಿ ಅರಸರು ಕಟ್ಟಿಸಿದ ಹನ್ನೊಂದು ಅಂಕಣಗಳ ಗಜಶಾಲೆಯು ಇಂದಿಗೂ ನಿಂತಿದೆ. ಅದನ್ನು ನೋಡಲು ದೇಶದೇಶಗಳಿಂದ ಜನರು ಬರುತ್ತಾರೆ. ಆನೆಗೆ ಶಾಲೆ ಕಟ್ಟಿಸಿದ ನಾಡಿನಲ್ಲಿ ಬಡವರ ಹೊರೆ ಹೊತ್ತ ಪ್ರಾಣಿಗೆ ಒಂದು ತಗಡಿನ ಸೂರೂ ದುರ್ಲಭವಾಗಿರುವುದು ನಮಗೆ ಶೋಭಿಸುವ ಮಾತಲ್ಲ.

ಕತ್ತೆಯ ಕೆಲಸವನ್ನು ಇಂದು ಟೆಂಪೋ, ಟ್ರಾಕ್ಟರುಗಳು ಕಸಿದುಕೊಂಡಿವೆ. ಕೆಲಸ ಹೋದೊಡನೆ ಪ್ರಾಣಿಯೂ ಮರೆಯಾಗುತ್ತಿದೆ. ೨೦೧೨ನೆಯ ಇಸವಿಯ ಜಾನುವಾರು ಗಣತಿಯಲ್ಲಿ ಭಾರತದಲ್ಲಿ ಸುಮಾರು ೩ ಲಕ್ಷ ೨೦ ಸಾವಿರ ಕತ್ತೆಗಳಿದ್ದುವು. ೨೦೧೯ರ ಗಣತಿಯಲ್ಲಿ ಉಳಿದಿದ್ದುವು ಸುಮಾರು ೧ ಲಕ್ಷ ೨೦ ಸಾವಿರ ಮಾತ್ರ. ಏಳು ವರ್ಷಗಳಲ್ಲಿ ನೂರಕ್ಕೆ ಅರವತ್ತೊಂದರಷ್ಟು ಇಳಿತ! ಇವೆಲ್ಲವೂ ಮುಪ್ಪಿನಿಂದ ಸತ್ತುವೆಂದು ಯಾರೂ ನಂಬಲಾರರು. ಕತ್ತೆಯ ಚರ್ಮವನ್ನು ಕುದಿಸಿ ತೆಗೆದ ಅಂಟಿನಿಂದ ಚೀನಾ ದೇಶದಲ್ಲಿ ಎಜಿಯಾವೋ ಎಂಬ ಔಷಧವನ್ನು ಮಾಡುತ್ತಾರೆ. ಅದರ ಬೇಡಿಕೆಯು ಎಷ್ಟು ಬೆಳೆಯಿತೆಂದರೆ, ಚರ್ಮಕ್ಕಾಗಿ ಕತ್ತೆಗಳನ್ನು ಕೊಲ್ಲುವುದನ್ನು ತಡೆಯಲು ಆಫ್ರಿಕಾ ಖಂಡದ ರಾಷ್ಟ್ರಗಳ ಒಕ್ಕೂಟವೇ ೨೦೨೪ರ ಫೆಬ್ರವರಿಯಲ್ಲಿ ನಿಷೇಧವನ್ನು ಘೋಷಿಸಬೇಕಾಯಿತು. ನಮ್ಮ ದೇಶದ ಆಹಾರ ಕಾನೂನು ಕತ್ತೆಯನ್ನು ಮಾಂಸದ ಪ್ರಾಣಿಗಳಲ್ಲಿ ಎಣಿಸಿಲ್ಲ. ಆದರೂ ನೆರೆಯ ಆಂಧ್ರದ ಕೆಲವು ಜಿಲ್ಲೆಗಳಲ್ಲಿ ಅದರ ಮಾಂಸದ ಮಾರಾಟವು ಕದ್ದು ಮುಚ್ಚಿ ನಡೆದುದು ಪತ್ರಿಕೆಗಳಲ್ಲಿ ಹಲವು ಬಾರಿ ಬಂದಿದೆ. ಬಳ್ಳಾರಿ ಸೀಮೆಯಿಂದ ಆಂಧ್ರದ ಗಡಿಯು ದೂರವಿಲ್ಲ.

ಇನ್ನು ನಮ್ಮ ಹೊಸಪೇಟೆಯಲ್ಲಿಯೇ ೨೦೨೪ರಲ್ಲಿ ನಡೆದ ಸಂಗತಿಯನ್ನು ವಾಚಕರು ಮರೆತಿರಲಾರರು. ಕತ್ತೆಯ ಹಾಲಿನ ವ್ಯಾಪಾರವೆಂದು ಒಂದು ಕಂಪನಿಯವರು ಇಲ್ಲಿ ಕಚೇರಿ ತೆರೆದು, ರೈತರಿಂದ ಲಕ್ಷಗಟ್ಟಲೆ ಹಣ ಪಡೆದು ಕತ್ತೆಗಳನ್ನು ಒದಗಿಸಿ, ಲೀಟರಿಗೆ ಎರಡು ಸಾವಿರ ರೂಪಾಯಿಗೂ ಮೀರಿದ ಬೆಲೆಗೆ ಹಾಲನ್ನು ತಾವೇ ಕೊಳ್ಳುವುದಾಗಿ ಮಾತು ಕೊಟ್ಟರು. ಆ ವರ್ಷದ ಸೆಪ್ಟೆಂಬರಿನಲ್ಲಿ ಪರವಾನಿಗೆಯಿಲ್ಲದ ಕಾರಣ ಕಚೇರಿಗೆ ಬೀಗ ಬಿದ್ದಿತು. ಮೋಸ ಹೋದೆವೆಂದು ನೂರಾರು ರೈತರು ಪೋಲೀಸರಲ್ಲಿ ದೂರಿಟ್ಟರು. ತಪ್ಪು ಯಾರದೆಂಬುದನ್ನು ನಿರ್ಣಯಿಸುವ ಅಧಿಕಾರವು ನ್ಯಾಯಸ್ಥಾನದ್ದು. ಆ ವಿಷಯದಲ್ಲಿ ನಾವು ಏನನ್ನೂ ಹೇಳಬಯಸುವುದಿಲ್ಲ. ನಾವು ಕೇಳುವುದು ಇಷ್ಟೆ: ಹಾಲಿಗೆ ಬೆಲೆಯಿಲ್ಲವಾದ ಮರುದಿನವೂ ಕತ್ತೆಗೆ ಹಸಿವು ಇರುವುದಷ್ಟೆ? ಸಾಲದಲ್ಲಿ ಸಿಕ್ಕಿದ ರೈತನು ಅದನ್ನು ಎಷ್ಟು ದಿನ ಮೇಯಿಸಿಯಾನು? ಮಾರಲು ಹೊರಟರೆ ಕೊಳ್ಳಲು ಬರುವವನು ಯಾರು? ಒಂದು ಒಳ್ಳೆಯ ಆಶ್ರಯವು ಸಮೀಪದಲ್ಲಿದ್ದರೆ ಅವನು ಅಲ್ಲಿಗೆ ಹೊಡೆದುಕೊಂಡು ಹೋಗಿ ಬಿಟ್ಟಾನು. ಇಲ್ಲದಿದ್ದರೆ ಉಳಿದ ಬಾಗಿಲು ಚರ್ಮದ ದಲ್ಲಾಳಿಯದೊಂದೇ. ಆದುದರಿಂದ ಪ್ರಾಣಿಗಳ ಆಶ್ರಯವು ಅನುಕೂಲಸ್ಥರ ವಿನೋದವಲ್ಲ. ಕಸಾಯಿಖಾನೆಯ ಹಾದಿಯಲ್ಲಿರುವ ಕೊನೆಯ ತಡೆ.

ಈ ತಡೆಯು ಗಟ್ಟಿಯಾಗಿ ನಿಲ್ಲಬೇಕಾದರೆ ಯಾವ ಸೌಕರ್ಯಗಳು ಬೇಕು? ಕತ್ತೆಯ ಸ್ವಭಾವವನ್ನು ಬಲ್ಲವರಿಗೆ ಇದು ತಾನಾಗಿ ತಿಳಿಯುವುದು. ಅದರ ಮೈಗೂದಲು ಕುದುರೆಯ ಕೂದಲಿನಂತೆ ಮಳೆಯನ್ನು ತಡೆಯಲಾರದು; ಆದುದರಿಂದ ಒಣ ನೆಲದ ಮೇಲೆ ಸೂರು ಬೇಕು. ಅದರ ಗೊರಸನ್ನು ಆರರಿಂದ ಹತ್ತು ವಾರಗಳಿಗೊಮ್ಮೆ ಕತ್ತರಿಸಿ ಒಪ್ಪ ಮಾಡದಿದ್ದರೆ ಬೆಳೆದು ಕುಂಟಾಗುವುದು. ಅದಕ್ಕೆ ಕೈ ಪಳಗಿದವರು ಬೇಕು. ನೋವನ್ನು ಹೊರಗೆ ತೋರದ ಪ್ರಾಣಿಯಿದು; ಜೊತೆಯ ಕತ್ತೆಯಿಂದ ಅಗಲಿಸಿದ ದುಃಖದಿಂದಲೇ ಮೇವು ಬಿಡುವುದುಂಟು, ಮೇವು ಬಿಟ್ಟರೆ ರಕ್ತದಲ್ಲಿ ಕೊಬ್ಬೇರಿ ಕೆಲವೇ ದಿನಗಳಲ್ಲಿ ಸಾಯುವುದುಂಟು; ಅದಕ್ಕೆ ದಿನವೂ ನೋಡುವ ಕಣ್ಣು ಬೇಕು. ಕುದುರೆ ಕತ್ತೆಗಳಿಗೆ ಬರುವ ಗ್ಲಾಂಡರ್ಸ್ ರೋಗವು ಮನುಷ್ಯರಿಗೂ ಅಂಟುವಂಥದು; ಆದುದರಿಂದ ಹೊಸದಾಗಿ ಬಂದ ಪ್ರಾಣಿಯನ್ನು ರಕ್ತಪರೀಕ್ಷೆಯಾಗುವ ತನಕ ಬೇರೆಯಾಗಿಡುವ ಪ್ರತ್ಯೇಕ ಅಂಗಳ ಬೇಕು. ನಾಯಿಗಳಿಗೆ ಬೇರೆ ಆವರಣ, ಸೇವಕರಿಗೆ ಹುಚ್ಚುನಾಯಿ ರೋಗದ ಮುಂಜಾಗ್ರತೆಯ ಚುಚ್ಚುಮದ್ದು, ಎಲ್ಲಕ್ಕೂ ಮೊದಲು ಬತ್ತದ ಒಂದು ಕೊಳವೆಬಾವಿ, ಇವು ಬೇಕು. ಇದರಲ್ಲಿ ಆಡಂಬರದ ಒಂದು ವಸ್ತುವೂ ಇಲ್ಲ.

ಇನ್ನೊಂದು ತೊಡಕು ಉಂಟು. ಹಂಪಿಗೆ ಪರಸ್ಥಳದವರು ಬರುವುದು ಹೆಚ್ಚಾಗಿ ಅಕ್ಟೋಬರಿನಿಂದ ಫೆಬ್ರವರಿಯವರೆಗೆ. ಅವರಲ್ಲಿ ಉತ್ಸಾಹಿಗಳು ನಾಲ್ಕಾರು ವಾರ ಸೇವೆ ಮಾಡಿ ಹೊರಟುಹೋಗುತ್ತಾರೆ. ಬಂಡೆ ಕಾದು ಕೆಂಡವಾಗುವ ಚೈತ್ರ ವೈಶಾಖಗಳಲ್ಲಿ, ಹುಲ್ಲು ನೀರು ಎರಡೂ ಅರಿದಾದಾಗ, ಸೇವೆಯ ಕೈಗಳೂ ಕಡಮೆಯಾಗುವುವು. ಅತಿಥಿಯ ಸೇವೆ ಒಂದು ತಿಂಗಳದು. ಚೆನ್ನಾಗಿ ಸಾಕಿದ ಕತ್ತೆಯ ಆಯುಸ್ಸು ಮೂವತ್ತು ವರ್ಷಗಳಿಗೂ ಮೀರಿದ್ದು. ಮೂವತ್ತು ವರ್ಷದ ಹೊಣೆಯನ್ನು ಒಂದು ತಿಂಗಳ ಉತ್ಸಾಹದ ಮೇಲೆ ಹೊರಿಸುವುದು ವಿವೇಕವಲ್ಲ. ಹಂಪಿಯ ಅತಿಥಿಗಳು ಬರಲಿ. ಆದರೆ ಅಡಿಪಾಯವು ಈ ಊರಿನವರದೇ ಆಗಿರಬೇಕು.

ಹೊಸ ಕಾನೂನೇನೂ ಬೇಕಿಲ್ಲ. ಪ್ರಾಣಿಹಿಂಸಾ ನಿವಾರಣ ಕಾನೂನು ೧೯೬೦ರಲ್ಲಿಯೇ ಆಯಿತು. ಅದರ ೩೫ನೆಯ ಪ್ರಕರಣವು ಪೀಡಿತ ಪ್ರಾಣಿಗಳ ಚಿಕಿತ್ಸಾಲಯಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ರಾಜ್ಯ ಸರಕಾರಕ್ಕೆ ಕೊಟ್ಟಿದೆ. ೧೯೬೫ರ ನಿಯಮಗಳಂತೆ ಕತ್ತೆಯ ಮೇಲೆ ೫೦ ಕಿಲೋಗ್ರಾಮಿಗಿಂತ ಹೆಚ್ಚು ಹೊರೆ ಹೇರಕೂಡದು. ತಾಪವು ೩೭ ಡಿಗ್ರಿ ಮೀರುವ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ದುಡಿಸಕೂಡದು. ಹೊಸಪೇಟೆಯ ಬೇಸಗೆಯನ್ನು ಬಲ್ಲವರು ಈ ನಿಯಮವು ಎಷ್ಟು ಕಡೆ ನಡೆಯುತ್ತಿದೆಯೆಂದು ತಾವೇ ನೋಡಿ ಹೇಳಲಿ. ೨೦೦೧ರ ನಿಯಮಗಳು ಇನ್ನೂ ಮುಂದೆ ಹೋಗಿ, ಜಿಲ್ಲೆಗೊಂದು ಪ್ರಾಣಿದಯಾ ಸಂಘವಿರಬೇಕೆಂದೂ, ಅದರ ಚಿಕಿತ್ಸಾಲಯ ಮತ್ತು ಆಶ್ರಯಕ್ಕೆ ರಾಜ್ಯ ಸರಕಾರವು ಸಾಕಷ್ಟು ಭೂಮಿಯನ್ನು ಕೊಡಬೇಕೆಂದೂ, ಅಲ್ಲಿ ಪೂರ್ಣಕಾಲದ ಪಶುವೈದ್ಯರಿರಬೇಕೆಂದೂ ವಿಧಿಸಿವೆ. ಸ್ವಯಂಸೇವಕರು ಭಿಕ್ಷೆಯೆತ್ತಿ ಕೂಡಿಸಲು ಹೆಣಗುತ್ತಿರುವ ಭೂಮಿ ಮತ್ತು ವೈದ್ಯರು ಹೀಗೆ ಕಾಗದದ ಮೇಲೆ ಎಂದೋ ಮಂಜೂರಾದ ವಸ್ತುಗಳು. ಕಾಗದದಿಂದ ನೆಲಕ್ಕೆ ಇಳಿಸುವ ಕೆಲಸವೇ ಬಾಕಿ.

ಇಲ್ಲಿ ಒಂದು ಸ್ಥಳೀಯ ತೊಂದರೆಯನ್ನು ಅಧಿಕಾರಿಗಳು ಗಮನಿಸಬೇಕು. ೨೦೨೧ರಲ್ಲಿ ವಿಜಯನಗರ ಜಿಲ್ಲೆಯು ಹುಟ್ಟಿದ ಮೇಲೆ ಹೊಸಪೇಟೆ, ಹಂಪಿಗಳು ಅತ್ತ ಹೋದುವು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದುವು. ಸಂಡೂರಿನ ಅದಿರಿನ ಲಾರಿಗೆ ಸಿಕ್ಕಿ ಕಾಲು ಮುರಿದುಕೊಂಡ ಹಸುವಿಗೆ ಜಿಲ್ಲೆಯ ಎಲ್ಲೆ ತಿಳಿಯದು. ಎರಡು ಜಿಲ್ಲೆಗಳ ಅಧಿಕಾರಿಗಳು ಒಡಗೂಡಿ ಈ ನಾಲ್ಕು ಊರುಗಳಿಗೂ ಅನುಕೂಲವಾಗುವಂತೆ ಒಂದೇ ಆಶ್ರಯವನ್ನು ಬಲಪಡಿಸುವುದು ಮೇಲು. ಹಂಪಿಯ ಸ್ಮಾರಕಗಳ ಸುತ್ತಿನಲ್ಲಿ ಕಟ್ಟಡಗಳಿಗೆ ನಿರ್ಬಂಧವಿರುವುದು ನ್ಯಾಯವೇ; ಆದುದರಿಂದ ಸ್ಥಳವನ್ನು ಆ ಎಲ್ಲೆಯ ಹೊರಗೆ, ಹೆದ್ದಾರಿಗೆ ಸಮೀಪವಾಗಿ ಆರಿಸಬೇಕು. ೧೯೬೨ ಎಂಬ ಸಂಖ್ಯೆಗೆ ಕರೆ ಮಾಡಿದರೆ ಬರುವ ಪಶುವೈದ್ಯ ವಾಹನವು ಚಿಕಿತ್ಸೆ ಮಾಡಿ ಹೊರಟ ಮೇಲೆ ಪ್ರಾಣಿಯನ್ನು ಮಲಗಿಸುವ ಸ್ಥಳ ಇದಾಗಲಿ. ರೈಲಿನಲ್ಲಿ ಹೋಗಿಬರಬಹುದಾದ ಗದಗಿನ ಪಶುವೈದ್ಯ ಕಾಲೇಜಿನ ವಿದ್ಯಾರ್ಥಿಗಳನ್ನು ಸರದಿಯಂತೆ ಇಲ್ಲಿಗೆ ಕಳುಹಿಸಿದರೆ ಅವರಿಗೆ ವಿದ್ಯೆ, ಪ್ರಾಣಿಗೆ ಆರೈಕೆ, ಎರಡೂ ಆದುವು.

ಹಣವೆಲ್ಲಿ ಎಂಬ ಪ್ರಶ್ನೆಗೂ ಉತ್ತರವುಂಟು. ಕಂಪನಿಗಳು ತಮ್ಮ ಲಾಭದ ಒಂದಂಶವನ್ನು ಲೋಕೋಪಕಾರಕ್ಕೆ ವೆಚ್ಚ ಮಾಡಬೇಕೆಂದು ೨೦೧೩ರ ಕಂಪನಿಗಳ ಕಾನೂನು ಹೇಳುತ್ತದೆ. ಆ ವೆಚ್ಚಕ್ಕೆ ಯೋಗ್ಯವಾದ ಬಾಬುಗಳಲ್ಲಿ ಪ್ರಾಣಿಗಳ ಹಿತವೂ ಸೇರಿದೆ. ಸಂಡೂರಿನ ಗಣಿಗಳ, ತೋರಣಗಲ್ಲಿನ ಉಕ್ಕಿನ ಉದ್ಯಮದ ಒಡೆಯರಿಗೆ ಇದು ದೊಡ್ಡ ಹೊರೆಯೆ? ಕಂಪ್ಲಿಯ ಗದ್ದೆಗಳಲ್ಲಿ ಸುಗ್ಗಿಯ ನಂತರ ಮಿಕ್ಕ ಭತ್ತದ ಹುಲ್ಲನ್ನೂ ಒಣಭೂಮಿಯ ಜೋಳದ ಸೊಪ್ಪೆಯನ್ನೂ ಬೆಂಕಿಗೆ ಕೊಡುವ ಬದಲು ಆಶ್ರಯಕ್ಕೆ ಒಂದು ಬಂಡಿ ಕಳುಹಿಸುವುದು ರೈತರಿಗೂ ಅಸಾಧ್ಯವಲ್ಲ.

ಮನುಷ್ಯರಿಗೇ ಆಸ್ಪತ್ರೆ ಸಾಲದಿರುವಾಗ ಕತ್ತೆಗೇಕೆ ಎಂದು ಕೆಲವರು ಕೇಳುವರು. ಪ್ರಶ್ನೆಯು ಹಗುರವಾದುದಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಹುಚ್ಚುನಾಯಿ ರೋಗದ ಸಾವುಗಳಲ್ಲಿ ಮೂರರಲ್ಲೊಂದಕ್ಕೂ ಹೆಚ್ಚಿನ ಪಾಲು ನಮ್ಮ ದೇಶದ್ದು. ೨೦೩೦ರೊಳಗೆ ಅದನ್ನು ತೊಡೆದುಹಾಕುವೆವೆಂದು ಭಾರತ ಸರಕಾರವು ಸಂಕಲ್ಪ ಮಾಡಿದೆ. ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಚುಚ್ಚುಮದ್ದು ಹಾಕದೆ ಅದು ಕೈಗೂಡದೆಂಬುದು ತಜ್ಞರ ಮತ. ಆ ನಾಯಿಗಳನ್ನು ಹಿಡಿದು, ಇಟ್ಟು, ಚುಚ್ಚುಮದ್ದು ಹಾಕಿ ಬಿಡುವ ಸ್ಥಳ ಯಾವುದು? ಪ್ರಾಣಿಯ ಆಶ್ರಯವು ಹೀಗೆ ನಮ್ಮ ಮಕ್ಕಳ ಪ್ರಾಣರಕ್ಷಣೆಯ ಕೆಲಸವನ್ನೂ ಮಾಡುವುದು.

ಸ್ವಯಂಸೇವಕರಿಗೂ ಎರಡು ಮಾತು ಹೇಳಬೇಕಾಗಿದೆ. ಕನಿಕರಕ್ಕೆ ಮಿತಿಯಿಲ್ಲದಿದ್ದರೂ ಕೊಟ್ಟಿಗೆಗೆ ಮಿತಿಯುಂಟು. ಐವತ್ತು ಪ್ರಾಣಿಗಳ ಸ್ಥಳದಲ್ಲಿ ನೂರನ್ನು ತುಂಬಿದರೆ ಆಶ್ರಯವೇ ರೋಗದ ತವರಾಗುವುದು. ಬಂದ ಪ್ರಾಣಿ, ಹೋದ ಪ್ರಾಣಿ, ಸತ್ತ ಪ್ರಾಣಿ, ಇವುಗಳ ದಾಖಲೆಯನ್ನು ಇಡಲಿ. ಗಂಡು ಕತ್ತೆಗಳ ಬೀಜ ಒಡೆಯಿಸಿ ಸಂತತಿಯನ್ನು ತಡೆಯಲಿ. ಸಾಕಲು ಕೊಟ್ಟ ಪ್ರಾಣಿಯನ್ನು ಆಗಾಗ ಹೋಗಿ ನೋಡಿ ಬರಲಿ. ಬಂದ ಹಣದ ಜಮಾಖರ್ಚನ್ನು ತಿಂಗಳಿಗೊಮ್ಮೆ ಬಾಗಿಲಿಗೆ ಅಂಟಿಸಲಿ. ಕತ್ತೆಯ ಹೆಸರಿನಲ್ಲಿ ಒಮ್ಮೆ ಮೋಸಹೋದ ಊರಿನಲ್ಲಿ ಎರಡನೆಯ ಬಾರಿ ನಂಬಿಕೆಯನ್ನು ಗಳಿಸಲು ಬೇರೆ ಉಪಾಯವಿಲ್ಲ.

ಎರಡು ಜಿಲ್ಲೆಗಳ ಮಾನ್ಯ ಜಿಲ್ಲಾಧಿಕಾರಿಗಳು ಮುಂದಿನ ಬೇಸಗೆಯೊಳಗಾಗಿ ಪ್ರಾಣಿದಯಾ ಸಂಘಗಳ ಸಭೆಯನ್ನು ಒಟ್ಟಿಗೆ ಕರೆದು, ಸ್ವಯಂಸೇವಕರನ್ನೂ ಅದಕ್ಕೆ ಸೇರಿಸಿಕೊಂಡು, ನಾಲ್ಕು ಎಕರೆ ಭೂಮಿ, ಒಂದು ಕೊಳವೆಬಾವಿ, ಒಬ್ಬ ವೈದ್ಯ, ಇಷ್ಟನ್ನು ಗೊತ್ತುಮಾಡಬೇಕೆಂದು ನಾವು ಬಿನ್ನವಿಸುತ್ತೇವೆ. ಬಾಯಿಲ್ಲದ ಪ್ರಾಣಿಯು ಅರ್ಜಿ ಬರೆಯಲಾರದು, ಕಚೇರಿಯ ಮೆಟ್ಟಿಲೇರಲಾರದು, ಚುನಾವಣೆಯಲ್ಲಿ ಮತ ಕೊಡಲಾರದು. ಅದರ ಪರವಾಗಿ ಈ ಅರ್ಜಿಯನ್ನು ನಾವೇ ಬರೆದಿದ್ದೇವೆ. ಮೊಹರು ಒತ್ತುವ ಕೆಲಸವು ಅಧಿಕಾರಿಗಳದು, ಬೆನ್ನಿಗೆ ನಿಲ್ಲುವ ಕೆಲಸವು ಮಹಾಜನರದು.