ಅರ್ಥ ಆಗದ ಚಿತ್ರ

ಮೊನ್ನೆ ಮಗಳು ಮೊಬೈಲ್‌ನಾಗ ಒಂದು ಚಿತ್ರ ತೋರಿಸಿದ್ಲು. ಬರೇ ಸುರುಳಿ, ವರ್ತುಲ, ಬಣ್ಣ. "ಇದೇನವಾ, ಕೂಸು ಗೀಚಿದಂಗ ಐತಿ" ಅಂದೆ. ಆಮ್ಯಾಲೆ ಕಥಿ ಕೇಳಿ ನನಗ ನಾಚಿಕಿ ಆತು ನೋಡ್ರಿ.

ಬರದಾಕಿ ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್. ಹೊಟ್ಟಿಪಾಡಿಗೆ ನಿಸರ್ಗದ ಚಿತ್ರ, ಭಾವಚಿತ್ರ ಬರೀತಿದ್ಲು. 1906ರಿಂದ ಮನಸ್ಸಿಗೆ ಕಂಡದ್ದನ್ನ ಬರಿಯಾಕ ಹತ್ತಿದ್ಲು. 1907ರಾಗ ಬರದ ಹತ್ತು ಚಿತ್ರ ಒಂದೊಂದೂ 3 ಮೀಟರಿಗಿಂತ ಎತ್ತರ! ಅಮೂರ್ತ ಕಲೆ ಅಂದಕೂಡ್ಲೆ ಎಲ್ಲಾರೂ ರಷ್ಯಾದ ಕಾಂಡಿನ್‌ಸ್ಕಿ ಹೆಸರು ಹೇಳ್ತಾರ. ಅಂವ ಅದಕ್ಕ ಕೈ ಹಾಕಿದ್ದು 1910ರ ಸುಮಾರಿಗೆ. ಈಕಿ ಮಾತ್ರ, ನಾ ಸತ್ತು 20 ವರ್ಷ ಆಗೋತನಕ ತೋರಿಸಬ್ಯಾಡ್ರಿ ಅಂತ ಹೇಳಿ 1944ರಾಗ ತೀರಿಕೊಂಡ್ಲು. ದೊಡ್ಡ ಪ್ರದರ್ಶನಕ್ಕ ಬಂದದ್ದು 1986ರಾಗ, ಲಾಸ್ ಏಂಜಲೀಸ್‌ನಾಗ.

ಅರ್ಥ ಏನು ಅಂತ ಯಾಕ ಕೇಳಬೇಕ್ರಿ? ನಮ್ಮವ್ವ ಹಳೇ ಸೀರಿ ಚೂರು ಜೋಡಿಸಿ ಕೌದಿ ಹೊಲಿಯೂವಾಗ ಕೆಂಪಿನ ಬಾಜೂ ಹಳದೀನ ಬೇಕು ಅಂತ ತಾಸುಗಟ್ಟಲೆ ಹುಡುಕತಿದ್ಲು. ಅದರ ಅರ್ಥ ಯಾರೂ ಕೇಳಲಿಲ್ಲ, ಕಣ್ಣಿಗೆ ಹಿತ ಆಗತಿತ್ತು. ಆದ್ರ ಅದನ್ನ ಯಾರೂ ಕಲೆ ಅಂತನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ, ಹೊಸ ರಗ್ಗು ಬಂದಮ್ಯಾಲೆ ಟ್ರಂಕಿಗೆ ಹಾಕಿದಾಕಿ ನಾನ.

ನಿನ್ನೆ ಅದನ್ನ ತಗದು ಬಿಸಲಿಗೆ ಹಾಕೀನಿ.