ಅವತಾರಕ್ಕೆ ಬಿಳಿ ಬಣ್ಣವೇ ಏಕೆ?

ಕಳೆದ ತಿಂಗಳು ನಮ್ಮ ಸಂಘದ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು, ವಿಡಿಯೋ ಗೇಮುಗಳಿಂದಲೇ ಹೊರನಾಡ ಕನ್ನಡಿಗರ ಮಕ್ಕಳು ಹಾಳಾಗುತ್ತಿದ್ದಾರೆ, ಆ ಪೆಟ್ಟಿಗೆಗಳನ್ನೆಲ್ಲ ಮುಠಾ ನದಿಗೆ ಎಸೆಯಬೇಕು ಎಂದು ಗುಡುಗಿದರು. ಚಪ್ಪಾಳೆ ಬಿತ್ತು. ನಾನು ಚಪ್ಪಾಳೆ ತಟ್ಟಲಿಲ್ಲ. ಏಕೆಂಬುದನ್ನು ಇಲ್ಲಿ ನಿವೇದಿಸುತ್ತೇನೆ. ಒಪ್ಪದವರು ಮುಂದಿನ ಸಂಚಿಕೆಗೆ ಧಾರಾಳವಾಗಿ ಬರೆಯಲಿ.

ಸಭೆಗೆ ಎರಡು ದಿನ ಮೊದಲು, ಕೋಥರೂಡಿನ ನಮ್ಮ ಮನೆಯಲ್ಲಿ 9 ವರ್ಷದ ಮೊಮ್ಮಗಳು ಟಿ.ವಿ.ಗೆ ಜೋಡಿಸಿದ ಕನ್ಸೋಲಿನ ಮುಂದೆ ಕುಳಿತು ತನ್ನ 'ಅವತಾರ್' ಮಾಡಿಕೊಳ್ಳುತ್ತಿದ್ದಳು. ಆಟದೊಳಗೆ ನಮ್ಮ ಪರವಾಗಿ ಓಡಾಡುವ ಗೊಂಬೆ ಅದು. ಮುಖ, ಮೂಗು, ಕೂದಲು, ಉಡುಪು ಎಲ್ಲವೂ ನಮ್ಮ ಆಯ್ಕೆ. ಮೈಬಣ್ಣಗಳ ಸಾಲಿನಲ್ಲಿ ಅವಳದೇ ಕಂದು ಬಣ್ಣವೂ ಇತ್ತು. ಅದನ್ನು ದಾಟಿಹೋಗಿ ತೀರ ಬಿಳಿಯದನ್ನು ಒತ್ತಿದಳು. ಯಾಕವ್ವಾ ಎಂದೆ. "ಅದು ಛಂದ ಕಾಣಂಗಿಲ್ಲ ಅಜ್ಜಾ" ಎಂದಳು.

ಈ ಪಾಠ ಕಲಿಸಿದವರು ಯಾರು? ಯಂತ್ರವೇ? 2006ರಲ್ಲಿ ನಿಂಟೆಂಡೊ ಕಂಪನಿ ತನ್ನ 'ವೀ' ಕನ್ಸೋಲಿನೊಡನೆ 'ಮೀ' ಗೊಂಬೆಗಳನ್ನು ತಂದಾಗಲೇ 6 ಮೈಬಣ್ಣಗಳನ್ನಿಟ್ಟಿತ್ತು. 2017ರ 'ಸ್ವಿಚ್'ನಲ್ಲಿ ಅವು 10 ಆದವು. ಒಂದೇ ಬಣ್ಣ ಇಟ್ಟುಕೊಂಡವರು ನಾವು. 1975ರಿಂದ ಮನೆಮನೆ ಹೊಕ್ಕಿದ್ದ 'ಫೇರ್ ಅಂಡ್ ಲವ್ಲಿ' ಕೂಡ 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ಶಬ್ದವನ್ನು ತೆಗೆದುಹಾಕಿತು. ನಮ್ಮ ಬಾಯಿಂದ ಅದಿನ್ನೂ ಹೋಗಿಲ್ಲ. ಇತರರನ್ನೇಕೆ ದೂಷಿಸಲಿ? ಈ ಮೊಮ್ಮಗಳು ಹುಟ್ಟಿದ ದಿನ ಫೋನಿನಲ್ಲಿ ನಾನು ಕೇಳಿದ ಎರಡನೆಯ ಪ್ರಶ್ನೆಯೇ "ಬಣ್ಣ ಹೆಂಗದ?" ಎಂಬುದು.

ಆಟದ ಗೊಂಬೆಗೆ ಇಷ್ಟೊಂದು ರಾದ್ಧಾಂತವೇಕೆ ಎನ್ನುವವರುಂಟು. ಮಕ್ಕಳು ಹುಲಿಯಾಗಲಿ, ರಾಕ್ಷಸರಾಗಲಿ, ನನ್ನ ತಕರಾರಿಲ್ಲ. ಯಕ್ಷಗಾನದ ಚೌಕಿಯಲ್ಲಿ ಕಲಾವಿದ ತನ್ನ ಮುಖಕ್ಕೆ ತಾನೇ ಬಣ್ಣ ಬರೆದುಕೊಳ್ಳುತ್ತಾನೆ. ಆಟ ಮುಗಿದ ಮೇಲೆ ತೊಳೆದು ತನ್ನ ಮುಖಕ್ಕೆ ಮರಳುತ್ತಾನೆ. ಅವನಿಗೆ ಸ್ವಂತ ಮುಖದ ಬಗ್ಗೆ ನಾಚಿಕೆಯಿಲ್ಲ. ನನ್ನ ಮೊಮ್ಮಗಳು ವೇಷ ಹಾಕಲಿಲ್ಲ. 'ಇದು ನಾನು' ಎಂಬ ಗೊಂಬೆ ಮಾಡುವಾಗ ತನ್ನನ್ನೇ ಕೈಬಿಟ್ಟಳು. ಇದು ಆಟವಲ್ಲ.

ಇನ್ನು ಉಡುಪಿನ ಮಾತು. ಆ ಕಪಾಟಿನಲ್ಲಿ ಜೀನ್ಸ್ ಇತ್ತು, ಕೌಬಾಯ್ ಟೋಪಿ ಇತ್ತು. ಇಳಕಲ್ಲ ಸೀರೆ, ಧೋತರ, ರುಮಾಲು ಇರಲಿಲ್ಲ. ಮಾಡಿದವರ ತಪ್ಪೇ ಸರಿ. ಆದರೆ ಬೇಕೆಂದು ಕೇಳಿದವರು ಯಾರು? ಮೈಕ್ರೋಸಾಫ್ಟಿನವರು 2018ರಲ್ಲಿ ಎಕ್ಸ್‌ಬಾಕ್ಸಿನ ಅವತಾರಗಳನ್ನು ಹೊಸದಾಗಿ ರೂಪಿಸಿದಾಗ ಗಾಲಿಕುರ್ಚಿ, ಕೃತಕ ಕೈಕಾಲುಗಳನ್ನೂ ಸೇರಿಸಿದರು, ಏಕೆಂದರೆ ಆಟಗಾರರು ಕೇಳಿದ್ದರು. ಆ ಅವತಾರ ತಯಾರಿಸುವ ಸೌಲಭ್ಯವನ್ನೇ 2025ರ ಜನವರಿಯಲ್ಲಿ ಅವರು ನಿಲ್ಲಿಸಿದ್ದು ನಿಜ. ಆದರೂ ಕೇಳಿದವರಿಗೆ ಸಿಕ್ಕಿತ್ತೆಂಬುದು ಸುಳ್ಳಾಗುವುದಿಲ್ಲ.

ನಾವು ಮಾತ್ರ 'ಅವತಾರ' ನಮ್ಮ ಶಬ್ದ, 1985ರಲ್ಲೇ 'ಅಲ್ಟಿಮಾ 4' ಎಂಬ ಅಮೆರಿಕದ ಆಟ ಅದನ್ನು ಎತ್ತಿಕೊಂಡಿತೆಂದು ಮೀಸೆ ತಿರುವುತ್ತೇವೆ. ಶಬ್ದ ನಮ್ಮದಾದರೆ ಸಾಲದು. ಯೂಬಿಸಾಫ್ಟ್ ಸ್ಟುಡಿಯೊ ಪುಣೆಗೆ 2008ರಲ್ಲೇ ಬಂತು. ಇದೇ ಊರಿನ ಸೂಪರ್‌ಗೇಮಿಂಗ್ ಕಂಪನಿ 2024ರ ಅಕ್ಟೋಬರಿನಲ್ಲಿ ಭಾರತೀಯ ಕಲ್ಪನೆಯ ಪಾತ್ರಗಳುಳ್ಳ 'ಇಂಡಸ್' ಆಟವನ್ನು ಮೊಬೈಲಿಗೆ ತಂದಿತು. ಬಾಗಿಲು ತಟ್ಟಲು ನಾವು ಜಪಾನಿಗೆ ಹೋಗಬೇಕಾಗಿಲ್ಲ.

ಆದ್ದರಿಂದ ಕಾರ್ಯಕಾರಿ ಸಮಿತಿಗೆ ನನ್ನ ಸೂಚನೆ: ಮುಂದಿನ ಬೇಸಿಗೆ ಶಿಬಿರದಲ್ಲಿ ಒಂದು ಮಧ್ಯಾಹ್ನ ಮಕ್ಕಳು ಅವತಾರ ಮಾಡಲಿ, ಹಿರಿಯರು ಪಕ್ಕದಲ್ಲಿ ಕುಳಿತು ನೋಡಲಿ. ಯಾವ ಮುಖ ಮಾಡಿದರು, ಏಕೆ ಮಾಡಿದರು ಎಂದು ಕೇಳಲಿ, ಬೈಯುವುದು ಬೇಡ. ಹಿಂಜವಡಿಯಲ್ಲಿ ದುಡಿಯುವ ನಮ್ಮ ಇಂಜಿನಿಯರ್ ಸದಸ್ಯರು ಆಟದ ಕಂಪನಿಗಳಿಗೆ ಪತ್ರ ಬರೆಯಲಿ. ಅದಕ್ಕೂ ಮೊದಲು, ಮಕ್ಕಳ ಎದುರಿಗೆ ಬಣ್ಣದ ಮಾತಾಡುವುದನ್ನು ನಾವು ನಿಲ್ಲಿಸೋಣ. ಪೆಟ್ಟಿಗೆಯನ್ನು ಮುಠಾ ನದಿಗೆ ಎಸೆದರೂ ಆ ಮಾತು ಮನೆಯಲ್ಲೇ ಉಳಿಯುತ್ತದೆ.