‘ಸಂಯುಕ್ತ ಆಶ್ರಯ’ದ ಮೇಳಗಳು ಮತ್ತು ಸಾರ್ವಜನಿಕ ಹಣ

ಮಲೆನಾಡಿನಲ್ಲಿ ಕೃಷಿ ಮೇಳಗಳ ಋತುವನ್ನು ನಿರ್ಧರಿಸುವುದು ಮಳೆಯಲ್ಲ, ಮಾರ್ಚ್ 31. ಆರ್ಥಿಕ ವರ್ಷ ಮುಗಿಯುವ ಆ ದಿನದೊಳಗೆ ಅನುದಾನ ಖರ್ಚಾಗಲೇಬೇಕು. ಆದ್ದರಿಂದ ಸಂಕ್ರಾಂತಿ ಕಳೆದದ್ದೇ ತಡ, ತಾಲ್ಲೂಕು ಕೇಂದ್ರಗಳ ಮೈದಾನಗಳಲ್ಲಿ ಶಾಮಿಯಾನಗಳು ಒಂದರ ಹಿಂದೊಂದು ಏಳುತ್ತವೆ. ಆ ಹೊತ್ತಿಗೆ ಅಡಿಕೆ ಬೆಳೆಗಾರನ ಮನೆಯಲ್ಲಿ ಕೊನೆಕೊಯ್ಲು, ಸುಲಿತ, ಬೇಯಿಸುವಿಕೆ, ಒಣಗಿಸುವಿಕೆ ಮುಗಿದಿರುವುದಿಲ್ಲ. ಕಾಫಿ ಬೆಳೆಗಾರನ ಕಣದಲ್ಲಿ ರೊಬಸ್ಟಾ ಹಣ್ಣು ಹರಡಿರುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಹೇಗೆ ಸರಿಯಾಗಿ ಕೂಡಿಸಬೇಕು, ಯಾವ ಭತ್ತದ ತಳಿಯನ್ನು ತಗ್ಗಿನ ಗದ್ದೆಗೆ ಹಾಕಬೇಕು ಎಂಬ ಪ್ರಶ್ನೆಗಳು ಅವನಿಗೆ ಏಳುವುದು ಮೇ ತಿಂಗಳ ಕೊನೆಯಲ್ಲಿ, ಮುಂಗಾರಿನ ಮೋಡ ಕಂಡಾಗ. ಆಗ ಮೇಳದ ಮೈದಾನದಲ್ಲಿ ಹುಲ್ಲು ಚಿಗುರಿರುತ್ತದೆ.

ಕಾಲದ ಈ ತಪ್ಪು ಸಣ್ಣದೇನಲ್ಲ. ಆದರೆ ಅದು ಇನ್ನೊಂದು ದೊಡ್ಡ ಸಂಗತಿಯ ಲಕ್ಷಣ ಮಾತ್ರ: ಮೇಳ ಯಾರಿಗಾಗಿ ನಡೆಯುತ್ತದೆ ಎಂಬುದನ್ನು ಹಣ ಬಂದ ದಾರಿ ತೀರ್ಮಾನಿಸುತ್ತಿದೆ.

ಕೃಷಿ ವಿಶ್ವವಿದ್ಯಾಲಯಗಳು ತಮ್ಮ ಆವರಣದಲ್ಲಿ ತಾವೇ ನಡೆಸುವ ಮೇಳಗಳು ಇಲ್ಲಿ ಚರ್ಚೆಯ ವಿಷಯವಲ್ಲ. ಬೆಂಗಳೂರಿನ ಜಿ.ಕೆ.ವಿ.ಕೆ. ಮೇಳವಾಗಲಿ ಧಾರವಾಡದ ಮೇಳವಾಗಲಿ, ಅವುಗಳ ಕುಂದುಕೊರತೆ ಏನೇ ಇರಲಿ, ಲೆಕ್ಕ ಕೇಳಲು ಒಂದು ಸಾರ್ವಜನಿಕ ಸಂಸ್ಥೆಯಾದರೂ ಇದೆ. ಜಿಲ್ಲೆ, ತಾಲ್ಲೂಕುಗಳ ಮಟ್ಟದ ಮೇಳಗಳ ಬಗೆ ಬೇರೆ. ಆಮಂತ್ರಣ ಪತ್ರಿಕೆಯ ಮೇಲ್ಭಾಗದಲ್ಲಿ ಇಲಾಖೆಯ ಹೆಸರು, ಅದರ ಪಕ್ಕದಲ್ಲೇ ಒಂದು ಸಂಘದ ಹೆಸರು, ಕೆಳಗೆ ‘ಸಂಯುಕ್ತ ಆಶ್ರಯದಲ್ಲಿ’ ಎಂಬ ಎರಡು ಪದ. ಆಶ್ರಯ ಸಂಯುಕ್ತವಾದದ್ದು ಸರಿ, ಹೊಣೆ ಯಾರದು?

ಈ ಪದ್ಧತಿಗೆ ದೀರ್ಘ ಇತಿಹಾಸವಿದೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವನ್ನು ತೋಟಗಾರಿಕೆ ಇಲಾಖೆಯೊಡನೆ ನಡೆಸಿಕೊಂಡು ಬಂದಿರುವ ಮೈಸೂರು ಉದ್ಯಾನ ಕಲಾ ಸಂಘ ಶತಮಾನಕ್ಕೂ ಹಳೆಯದು. ಮೈಸೂರು ದಸರೆಯಲ್ಲಿ ಕುಪ್ಪಣ್ಣ ಉದ್ಯಾನದ ಪ್ರದರ್ಶನಕ್ಕೆ ಜಿಲ್ಲಾ ತೋಟಗಾರಿಕೆ ಸಂಘವಿದೆ. ಇಂಥ ಸಂಘಗಳನ್ನು ಕಟ್ಟಿದವರಲ್ಲಿ ಗಿಡ ಬಲ್ಲವರು, ಬಿಡುವಿನ ಸಮಯವನ್ನು ಸಸ್ಯಗಳಿಗೆ ಮುಡಿಪಿಟ್ಟವರು ಅನೇಕರು. ಇಲಾಖೆಯ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಸಾಗುವಷ್ಟರಲ್ಲಿ ಸಂಘ ಕೆಲಸ ಮುಗಿಸಿರುತ್ತದೆ ಎಂಬ ವಾದದಲ್ಲಿ ಸತ್ಯಾಂಶವಿದೆ. ಸರ್ಕಾರವೂ ಇದನ್ನು ಒಪ್ಪಿಕೊಂಡಂತಿದೆ. 2005-06ರಲ್ಲಿ ದೇಶದಾದ್ಯಂತ ವಿಸ್ತರಿಸಿದ ‘ಆತ್ಮ’ ಯೋಜನೆಯಲ್ಲಿ ಜಿಲ್ಲಾ ಸಂಸ್ಥೆಯನ್ನೇ ನೋಂದಾಯಿತ ಸಂಘದ ರೂಪದಲ್ಲಿ ಕಟ್ಟಲಾಯಿತು. ಜಿಲ್ಲಾ ಚಟುವಟಿಕೆಗಳ ಹಣದಲ್ಲಿ ಕನಿಷ್ಠ ಶೇಕಡಾ 10ರಷ್ಟು ಸರ್ಕಾರೇತರ ವಲಯದ ಮೂಲಕವೇ ವೆಚ್ಚವಾಗಬೇಕೆಂದು ಮಾರ್ಗಸೂಚಿ ಹೇಳಿತು. ಹಾಗಾಗಿ ಖಾಸಗಿ ಸಂಘಕ್ಕೆ ಹಣ ಕೊಟ್ಟದ್ದೇ ಅಕ್ರಮ ಎಂದು ಕೂಗುವುದು ತಿಳಿಗೇಡಿತನ. ಪ್ರಶ್ನೆ ಇರುವುದು ಹಣ ಸಂಘದ ಖಾತೆಗೆ ಸೇರಿದ ಮೇಲೆ ಏನಾಗುತ್ತದೆ ಎಂಬಲ್ಲಿ.

ಇಲಾಖೆ ತಾನೇ ಶಾಮಿಯಾನ, ಧ್ವನಿವರ್ಧಕ, ಊಟದ ವ್ಯವಸ್ಥೆ ಮಾಡಿಸಿದರೆ ಅದು ಸಾರ್ವಜನಿಕ ಸಂಗ್ರಹಣೆ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ ಕಟ್ಟುಪಾಡು ಅದಕ್ಕೆ ಅನ್ವಯಿಸುತ್ತದೆ. ಅದೇ ಹಣವನ್ನು ಅನುದಾನವೆಂದು ಸಂಘಕ್ಕೆ ಕೊಟ್ಟು, ಸಂಘ ಅದೇ ಶಾಮಿಯಾನವನ್ನು ತರಿಸಿದರೆ ಅದು ಖಾಸಗಿ ಸಂಸ್ಥೆಯ ಖರೀದಿ. ಸರ್ಕಾರದ ಒಡೆತನ ಅಥವಾ ನಿಯಂತ್ರಣದಲ್ಲಿಲ್ಲದ ಸಂಘಕ್ಕೆ ಆ ಅಧಿನಿಯಮ ತಟ್ಟುವುದಿಲ್ಲ. ಶಾಮಿಯಾನ ಅದೇ, ಮೈದಾನ ಅದೇ, ತೆರಿಗೆದಾರನ ರೂಪಾಯಿಯೂ ಅದೇ. ಕೆಲವೆಡೆ ಸಂಘದ ಪದನಿಮಿತ್ತ ಪದಾಧಿಕಾರಿಗಳು ಅದೇ ಜಿಲ್ಲೆಯ ಅಧಿಕಾರಿಗಳೇ ಆಗಿರುವುದರಿಂದ ಕೊಡುವ ಕೈಗೂ ಪಡೆಯುವ ಕೈಗೂ ಇರಬೇಕಾದ ಅಂತರ ಕಾಗದದ ಮೇಲೂ ಉಳಿಯುವುದಿಲ್ಲ. ಕೊನೆಗೆ ಸಲ್ಲುವ ಹಣ ಬಳಕೆ ಪ್ರಮಾಣಪತ್ರ ಹಣ ಮುಗಿದಿದೆ ಎಂಬುದನ್ನು ದೃಢಪಡಿಸುತ್ತದೆ. ಮೇಳಕ್ಕೆ ಬಂದ ಬೆಳೆಗಾರ ಏನು ಕಲಿತು ಹೋದ ಎಂಬುದು ಆ ಹಾಳೆಯ ವ್ಯಾಪ್ತಿಗೆ ಬರುವಂಥದಲ್ಲ.

ಲೆಕ್ಕಪರಿಶೋಧನೆ ಇಲ್ಲವೇ ಎಂದು ಕೇಳಬಹುದು. ಇದೆ, ಆದರೆ ಮಿತಿಯೊಂದಿಗೆ. ಮಹಾಲೇಖಪಾಲರ ಕರ್ತವ್ಯ ಮತ್ತು ಅಧಿಕಾರಗಳ ಕುರಿತಾದ 1971ರ ಅಧಿನಿಯಮದ 14ನೇ ಪ್ರಕರಣದಂತೆ, ಒಂದು ಸಂಸ್ಥೆಗೆ ವರ್ಷದಲ್ಲಿ ದೊರೆತ ಸರ್ಕಾರಿ ಅನುದಾನ ಅಥವಾ ಸಾಲ 25 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದೆ, ಅದರ ಒಟ್ಟು ವೆಚ್ಚದ ಶೇಕಡಾ 75ಕ್ಕೂ ಕಡಿಮೆಯಿಲ್ಲದೆ ಇದ್ದಲ್ಲಿ ಅದು ಗಣನೀಯ ನೆರವು ಪಡೆದ ಸಂಸ್ಥೆ ಎನಿಸಿ ಪರಿಶೋಧನೆಗೆ ಒಳಪಡುತ್ತದೆ. ಅನುದಾನ ಒಂದು ಕೋಟಿ ಮುಟ್ಟಿದರೆ ರಾಜ್ಯಪಾಲರ ಪೂರ್ವಾನುಮತಿಯಿಂದ ಪರಿಶೋಧಿಸಬಹುದು. ತಾಲ್ಲೂಕು ಮೇಳದ ಸಂಘ ಇವೆರಡರ ಕೆಳಗೇ ನುಸುಳಿಹೋಗುವುದು ಸುಲಭ. ಇದರಲ್ಲೊಂದು ವಿಪರ್ಯಾಸವನ್ನು ಗಮನಿಸಬೇಕು. ಸಂಘ ಕೀಟನಾಶಕ, ಗೊಬ್ಬರ, ಯಂತ್ರೋಪಕರಣಗಳ ಕಂಪನಿಗಳಿಂದ ಹೆಚ್ಚು ಪ್ರಾಯೋಜಕತ್ವ ಸಂಗ್ರಹಿಸಿದಷ್ಟೂ ವೆಚ್ಚದಲ್ಲಿ ಸರ್ಕಾರಿ ಹಣದ ಪಾಲು ಇಳಿಯುತ್ತದೆ. ಅಂದರೆ ಕಂಪನಿಯ ಫಲಕ ದೊಡ್ಡದಾದಂತೆ ಸಾರ್ವಜನಿಕ ಪರಿಶೋಧನೆ ದೂರ ಸರಿಯುತ್ತದೆ. ಅತಿ ಹೆಚ್ಚು ಕಣ್ಗಾವಲು ಬೇಕಾದ ಮೇಳಕ್ಕೇ ಅತಿ ಕಡಿಮೆ ಕಣ್ಗಾವಲು.

ಪ್ರಾಯೋಜಕತ್ವವನ್ನು ಕೇವಲ ಲೆಕ್ಕದ ಪ್ರಶ್ನೆಯಾಗಿ ನೋಡಿದರೆ ಸಾಲದು. ಸರ್ಕಾರಿ ಲಾಂಛನದ ಕೆಳಗೆ ಮಳಿಗೆ ಹಾಕಿದ ವಿಷದ ಡಬ್ಬಿಗೆ ರೈತನ ಕಣ್ಣಲ್ಲಿ ಇಲಾಖೆಯ ಶಿಫಾರಸಿನ ಮುದ್ರೆ ಬೀಳುತ್ತದೆ. ಪಕ್ಕದ ವೇದಿಕೆಯಲ್ಲಿ ವಿಜ್ಞಾನಿ ಸಮಗ್ರ ಕೀಟ ನಿರ್ವಹಣೆಯ ಕುರಿತು ಉಪನ್ಯಾಸ ಮಾಡಬಹುದು. ಅವನು ನಿಂತ ವೇದಿಕೆಯ ಹಿಂಬದಿಯ ಬಟ್ಟೆಯ ಮೇಲೆ ಪ್ರಾಯೋಜಕರ ಹೆಸರು ಅವನ ಮಾತಿಗಿಂತ ದೊಡ್ಡದಾಗಿ ಮಾತಾಡುತ್ತಿರುತ್ತದೆ. ಈ ಸೀಮೆಗೆ ಇದರ ನೆನಪು ಬೇಗ ಮಾಸಬಾರದು. ದಕ್ಷಿಣ ಕನ್ನಡದ ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಸರ್ಕಾರಿ ನಿಗಮವೇ. ಕರ್ನಾಟಕ ಅದನ್ನು ನಿಷೇಧಿಸಿದ್ದು 2011ರಲ್ಲಿ, ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆದದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಅಷ್ಟರಲ್ಲಿ ಒಂದು ಪೀಳಿಗೆ ಹುಟ್ಟಿ ನರಳಿಯಾಗಿತ್ತು. ಮಾರುವವನೂ ಹೇಳಿಕೊಡುವವನೂ ಒಂದೇ ಚಪ್ಪರದಡಿ ನಿಲ್ಲಬಾರದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮೇಳವೆಂದರೆ ಇಷ್ಟೇ ಅಲ್ಲ ಎಂಬುದಕ್ಕೂ ಇದೇ ಬೆಟ್ಟಸಾಲಿನಲ್ಲಿ ನಿದರ್ಶನಗಳಿವೆ. ಶಿರಸಿಯ ವನಸ್ತ್ರೀ ಬಳಗದ ಮಹಿಳೆಯರು ಮಲೆನಾಡ ಮೇಳವನ್ನು ನಡೆಸುವುದು ಮಳೆಗಾಲದ ಹೊಸ್ತಿಲಲ್ಲಿ, ಹಿತ್ತಲಿಗೆ ಬೀಜ ಬೀಳುವ ಹೊತ್ತಿಗೆ. ಜೋಯಿಡಾದ ಕುಣಬಿಗಳ ಗಡ್ಡೆ ಗೆಣಸಿನ ಮೇಳದಲ್ಲಿ ಪ್ರದರ್ಶನಕ್ಕೆ ಬರುವುದು ಅವರೇ ಅಗೆದು ತಂದ ಮುಡ್ಲಿ, ಕೋನ. ಅಲ್ಲಿ ಮಳಿಗೆಯಲ್ಲಿ ಕುಳಿತವಳೇ ಬೆಳೆದವಳು. ಪ್ರಶ್ನೆಗೆ ಉತ್ತರ ಅವಳಿಂದಲೇ ಸಿಗುತ್ತದೆ. ಇಂಥ ಬಳಗಗಳಿಗೆ ಸರ್ಕಾರ ನೆರವಾಗುವುದು ಬೇಡವೆಂದು ಯಾರೂ ಹೇಳಲಾರರು.

ಇಲ್ಲೇ ಒಂದು ತೊಡಕು. ನಿಯಮ ಬಿಗಿಗೊಳಿಸಿದಾಗಲೆಲ್ಲ ಮೊದಲು ಉಸಿರುಗಟ್ಟುವುದು ಸಣ್ಣವರಿಗೆ. ದೊಡ್ಡ ಸಂಘಕ್ಕೆ ಲೆಕ್ಕಿಗರಿದ್ದಾರೆ, ರಾಜಕೀಯ ಬಲವಿದೆ. ಬೀಜದ ಬುಟ್ಟಿ ಹೊತ್ತು ಬರುವ ಮಹಿಳೆಯರ ಬಳಗಕ್ಕೆ ಹತ್ತಾರು ನಮೂನೆಗಳನ್ನು ತುಂಬುವ ಬಿಡುವಿಲ್ಲ. ಆದ್ದರಿಂದ ಬೇಕಾದದ್ದು ಹೆಚ್ಚು ಕಾಗದವಲ್ಲ, ಬಯಲಿಗೆ ಬಂದ ಕಾಗದ. ಮೇಳದ ದ್ವಾರದಲ್ಲೇ ಒಂದು ಹಲಗೆ: ಸರ್ಕಾರದಿಂದ ಇಷ್ಟು, ಕಂಪನಿಗಳಿಂದ ಇಷ್ಟು, ಮಳಿಗೆ ಬಾಡಿಗೆಯಿಂದ ಇಷ್ಟು. ಮೇಳ ಮುಗಿದ ತಿಂಗಳೊಳಗೆ ವೆಚ್ಚದ ಒಂದು ಪುಟ, ಗ್ರಾಮಸಭೆಯಲ್ಲಿ ಓದಿ ಹೇಳಬಹುದಾದಂಥದು. ಸಣ್ಣ ಬಳಗಕ್ಕೆ ಇದು ಅರ್ಧ ದಿನದ ಕೆಲಸ. ದೊಡ್ಡ ಸಂಘಕ್ಕೆ ಇದು ಕಷ್ಟವಾದರೆ ಕಷ್ಟದ ಕಾರಣವನ್ನು ಊಹಿಸಿಕೊಳ್ಳಬಹುದು. ಮಳಿಗೆ ಬಾಡಿಗೆಯ ವಿಚಾರವಂತೂ ಮುಖ್ಯ: ಸಾರ್ವಜನಿಕ ಹಣದಲ್ಲಿ ಎದ್ದ ಮಳಿಗೆಯ ಬಾಡಿಗೆ ಸಂಘದ ಸ್ವಂತ ಆದಾಯವಾಗುವುದಕ್ಕೆ ಯಾವ ನ್ಯಾಯವೂ ಇಲ್ಲ; ಅಷ್ಟನ್ನು ಅನುದಾನದಿಂದ ಕಳೆಯಬೇಕು. ಸರ್ಕಾರಿ ಅನುದಾನ ಪಡೆದ ಮೇಳದಲ್ಲಿ ಕೀಟನಾಶಕ ಕಂಪನಿಯ ಪ್ರಾಯೋಜಕತ್ವವನ್ನು ಪೂರ್ಣವಾಗಿ ನಿಲ್ಲಿಸಬೇಕು.

ಇದಕ್ಕೆ ಹೊಸ ಕಾನೂನಿಗಾಗಿ ಕಾಯಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಅಧಿನಿಯಮದ 2(ಎಚ್) ಪ್ರಕರಣ, ಸರ್ಕಾರದಿಂದ ಗಣನೀಯ ಹಣ ಪಡೆವ ಸರ್ಕಾರೇತರ ಸಂಸ್ಥೆಯನ್ನೂ ಸಾರ್ವಜನಿಕ ಪ್ರಾಧಿಕಾರವೆನ್ನುತ್ತದೆ. ‘ಗಣನೀಯ’ ಎಂದರೆ ಅರ್ಧಕ್ಕಿಂತ ಹೆಚ್ಚೇ ಆಗಿರಬೇಕಿಲ್ಲವೆಂದು ಸುಪ್ರೀಂ ಕೋರ್ಟು 2019ರ ಡಿ.ಎ.ವಿ. ಕಾಲೇಜು ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಸಂಘ ಈ ವ್ಯಾಖ್ಯೆಗೆ ಒಳಪಡುವುದಿಲ್ಲವೆಂದು ವಾದಿಸಿದರೂ ಹಣ ಕೊಟ್ಟ ಇಲಾಖೆ ತಪ್ಪಿಸಿಕೊಳ್ಳಲಾರದು. ಆದುದರಿಂದ ಅರ್ಜಿಯನ್ನು ಸಂಘಕ್ಕಲ್ಲ, ಇಲಾಖೆಗೇ ಹಾಕುವುದು ಲೇಸು. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ; ಅನುದಾನದ ಮಂಜೂರಾತಿ ಆದೇಶ, ಸಂಘದ ಬೇಡಿಕೆ ಪತ್ರ, ಹಣ ಬಳಕೆ ಪ್ರಮಾಣಪತ್ರ, ಅದರೊಂದಿಗೆ ಸಲ್ಲಿಸಿದ ರಸೀದಿಗಳು, ಇವಿಷ್ಟರ ಪ್ರತಿ ಕೇಳಲು ಅಷ್ಟು ಪದಗಳು ಧಾರಾಳ. ಉತ್ತರಕ್ಕೆ 30 ದಿನ. ಈ ವರ್ಷದ ಮೇಳಗಳ ಅರ್ಜಿಯನ್ನು ಏಪ್ರಿಲ್ ಮೊದಲ ವಾರದಲ್ಲೇ ಹಾಕಿದರೆ ಕೊಳೆ ಔಷಧಿಯ ಮೊದಲ ಸಿಂಪಡಣೆಗೆ ಮುನ್ನ ಕಾಗದಗಳು ಕೈಸೇರಬೇಕು.